ಅರಿವೆಯಲ್ಲಿ ಸೋಸಿದರೂ ಉಳಿಯುವುದು

ಬಿಸಿಲು ಏರಿದ ದಿನಗಳಲ್ಲಿ ಕಾಗಿಣಾ ನದಿ ಮಡುಗಳಾಗಿ ಒಡೆದು ನಿಲ್ಲುತ್ತದೆ. ಆಗ ಮರಳಿನಲ್ಲಿ ಮೊಳಕಾಲುದ್ದ ತೋಡಿ, ಒರತೆಗೆ ಜಿನುಗಿದ ನೀರನ್ನು ಬಟ್ಟಲಿನಿಂದ ಮೊಗೆದು, ಕೊಡದ ಬಾಯಿಗೆ ಹಳೆಯ ಧೋತರದ ಅರಿವೆ ಕಟ್ಟಿ ಸೋಸಿ ತುಂಬಿಕೊಳ್ಳುವುದು ಈ ಸೀಮೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಂದ ರೂಢಿ. ಆ ಅರಿವೆ ಏಕೆ ಎಂದು ಇಲ್ಲಿನ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ನಾರುಹುಣ್ಣನ್ನು ಅವರು ಕಣ್ಣಾರೆ ಕಂಡವರು.

ಅಂದಿನ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು ಕಾಡಿದ ರೋಗ ಅದು. ಮೆಟ್ಟಿಲು ಬಾವಿಗೆ ಇಳಿದವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿ ಅವನ್ನು ನುಂಗುತ್ತಿತ್ತು. ಆ ನೀರನ್ನು ಕುಡಿದವರ ದೇಹದಲ್ಲಿ ವರ್ಷದ ಹೊತ್ತಿಗೆ ಎರಡು ಮೊಳದವರೆಗೂ ಬೆಳೆದ ಹುಳು ಕಾಲಿನ ಚರ್ಮ ಒಡೆದು ಹೊರಬರುತ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಕೈಯಲ್ಲಿದ್ದದ್ದು ಕೊಳವೆ ಬಾವಿ, ಬಾವಿಗೆ ಹಾಕುವ ಔಷಧಿ ಮತ್ತು ಸೋಸುವ ಅರಿವೆ ಮಾತ್ರ. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ತಾನದಲ್ಲಿ ದಾಖಲಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಒಂದು ಗೇಣು ಬಟ್ಟೆ ಒಂದು ರೋಗವನ್ನು ಅಟ್ಟಿದ ಇಂಥ ಉದಾಹರಣೆ ವೈದ್ಯಕೀಯ ಇತಿಹಾಸದಲ್ಲಿ ಹೆಚ್ಚಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಇಂದು ನಲ್ಲಿ ಬಂದಿದೆ, ಇಪ್ಪತ್ತು ಲೀಟರಿನ ಕ್ಯಾನು ಬಂದಿದೆ, 'ಫಿಲ್ಟರ್ ನೀರು' ಎಂಬ ಮಾತೂ ಮನೆಮಾತಾಗಿದೆ. ಆದರೆ ನೀರಿನಲ್ಲಿ ಇರಬಹುದಾದ ವಸ್ತುಗಳ ಪಟ್ಟಿಗೆ ಅರಿವೆಯಾಗಲಿ, ಪಟಿಕವಾಗಲಿ, ಬ್ಲೀಚಿಂಗ್ ಪೌಡರ್ ಆಗಲಿ ತಡೆಯಲಾಗದ ಹೊಸ ಹೆಸರೊಂದು ಸೇರಿದೆ. ಅದು ಔಷಧಿ. ರೋಗಕ್ಕೆಂದು ನುಂಗಿದ ಮಾತ್ರೆಯೇ ಕರಗಿ, ಹರಿದು, ಮತ್ತೊಬ್ಬರ ಲೋಟಕ್ಕೆ ಬರುತ್ತಿದೆ ಎಂಬ ಸಂಗತಿ.

ಇದು ನಿನ್ನೆ ಮೊನ್ನೆಯ ಶೋಧವಲ್ಲ. ಅಮೆರಿಕದ ಕ್ಯಾನ್ಸಾಸ್ ಸಿಟಿಯ ಚರಂಡಿ ನೀರಿನಲ್ಲಿ ಔಷಧಿಯ ಅಂಶ ಸಿಕ್ಕಿದ್ದು 1970ರ ದಶಕದಲ್ಲಿ. ಆಗ ಯಾರೂ ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ. 1990ರ ದಶಕದಲ್ಲಿ ಬರ್ಲಿನ್ ನಗರದ ನೀರಿನಲ್ಲಿ ಕಳೆನಾಶಕ ಹುಡುಕುತ್ತಿದ್ದ ವಿಜ್ಞಾನಿಗಳಿಗೆ ಅದನ್ನೇ ಹೋಲುವ ಬೇರೊಂದು ರಾಸಾಯನಿಕ ಕಂಡಿತು. ಬೆನ್ನು ಹತ್ತಿ ನೋಡಿದರೆ ಅದು ರಕ್ತದ ಕೊಬ್ಬು ಇಳಿಸುವ ಔಷಧಿಯ ಅವಶೇಷ! ನಲ್ಲಿ ನೀರಿನಲ್ಲೂ ಅದು ಇತ್ತು. ಮುಂದೆ ಅಳೆಯುವ ಯಂತ್ರಗಳು ಸೂಕ್ಷ್ಮವಾದಷ್ಟೂ ಔಷಧಿಗಳು ಸಿಗುತ್ತಲೇ ಹೋದವು. 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 104 ದೇಶಗಳ 258 ನದಿಗಳಲ್ಲಿ 1,052 ಕಡೆ ನೀರು ಪರೀಕ್ಷಿಸಿತು. ಹೆಚ್ಚು ಕಡೆ ಸಿಕ್ಕಿದವು ಮೂರ್ಛೆರೋಗದ ಕಾರ್ಬಮಜೆಪೀನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮತ್ತು ಚಹಾ-ಕಾಫಿಯ ಕೆಫೀನ್.

ಮಾತ್ರೆ ನೀರಿಗೆ ಬರುವ ದಾರಿ ಸರಳ. ನುಂಗಿದ್ದೆಲ್ಲ ದೇಹದಲ್ಲಿ ಕರಗಿ ಇಲ್ಲವಾಗುತ್ತದೆ ಎಂಬುದು ನಮ್ಮ ಭ್ರಮೆ. ಮೆಟ್‌ಫಾರ್ಮಿನ್ ದೇಹದಲ್ಲಿ ತನ್ನ ಕೆಲಸ ಮಾಡಿ ಹೆಚ್ಚುಕಡಿಮೆ ಇದ್ದ ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಅಮಾಕ್ಸಿಸಿಲಿನ್‌ನ ಅರ್ಧಕ್ಕೂ ಮಿಕ್ಕಿದ ಪಾಲು, ಸಿಪ್ರೊಫ್ಲಾಕ್ಸಾಸಿನ್‌ನ ಅರ್ಧದ ಸಮೀಪದ ಪಾಲು ಹಾಗೆಯೇ ಹೋಗುತ್ತದೆ. ಮನೆಯಿಂದ ಚರಂಡಿ, ಚರಂಡಿಯಿಂದ ನಾಲಾ, ನಾಲಾದಿಂದ ನದಿ. ಇದರ ಜೊತೆಗೆ ದನಕರುಗಳಿಗೆ ಕೊಟ್ಟ ಚುಚ್ಚುಮದ್ದು, ಅವಧಿ ಮೀರಿತೆಂದು ಬಚ್ಚಲಿಗೆ ಸುರಿದ ಸಿರಪ್ಪು, ತಿಪ್ಪೆಗೆ ಎಸೆದ ಗುಳಿಗೆ ಎಲ್ಲವೂ ಮೊದಲ ಮಳೆಗೆ ಅದೇ ಹಾದಿ ಹಿಡಿಯುತ್ತವೆ.

ಕನ್ನಡಿಗರಿಗೆ ಈ ಸುದ್ದಿ ಹತ್ತಿರಕ್ಕೆ ಬಂದದ್ದು ಕಾವೇರಿಯ ಮೂಲಕ. ಮದ್ರಾಸ್ ಐಐಟಿಯ ಸಂಶೋಧಕರು ಎರಡು ವರ್ಷ ಕಾವೇರಿಯ ನೀರನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ನಿವಾರಕಗಳಾದ ಐಬುಪ್ರೊಫೇನ್, ಡೈಕ್ಲೋಫೆನಾಕ್, ರಕ್ತದೊತ್ತಡದ ಅಟೆನೊಲಾಲ್, ಪ್ರತಿಜೈವಿಕವಾದ ಸಿಪ್ರೊಫ್ಲಾಕ್ಸಾಸಿನ್ ಅಲ್ಲಿ ಸಿಕ್ಕಿದವು. ಜೀವನದಿ ಎಂದು ಎರಡು ರಾಜ್ಯಗಳು ಕಾದಾಡುವ ನೀರಿನಲ್ಲಿ ಮೆಡಿಕಲ್ ಅಂಗಡಿಯ ಕಪಾಟೇ ಇತ್ತು ಎನ್ನಬೇಕು.

ಹಾಗಾದರೆ ನಲ್ಲಿ ನೀರು ಕುಡಿದವರು ತಿಳಿಯದೇ ಔಷಧಿ ಸೇವಿಸುತ್ತಿದ್ದಾರೆಯೇ? ಇಲ್ಲಿ ಲೆಕ್ಕ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2012ರ ವರದಿಯಲ್ಲಿ ಹೇಳಿದಂತೆ ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿ ಔಷಧಿಯ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 50 ನ್ಯಾನೊಗ್ರಾಂಗಿಂತ ಕಡಿಮೆ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಗ್ರಾಂ. ದಿನಕ್ಕೆ ಎರಡು ಲೀಟರ್ ಕುಡಿದರೆ 100 ನ್ಯಾನೊಗ್ರಾಂ. ಈ ಲೆಕ್ಕದಲ್ಲಿ 500 ಮಿಲಿಗ್ರಾಂನ ಒಂದೇ ಒಂದು ಮಾತ್ರೆಯಷ್ಟು ಔಷಧಿ ಹೊಟ್ಟೆಗೆ ಸೇರಲು 13 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಅಂದರೆ ಕಾಗಿಣೆಯ ದಂಡೆಯ ಮಾನ್ಯಖೇಟದಲ್ಲಿ, ಅಮೋಘವರ್ಷ ನೃಪತುಂಗ ಆಳುತ್ತಿದ್ದದ್ದು ಒಂಬತ್ತನೆಯ ಶತಮಾನದಲ್ಲಿ. ಅವನ ಕಾಲದಿಂದ ಇಂದಿನವರೆಗೆ ಒಬ್ಬನೇ ಮನುಷ್ಯ ಬದುಕಿದ್ದು ಅಂಥ ನೀರನ್ನೇ ಕುಡಿದಿದ್ದರೂ ಮಾತ್ರೆಯ ಹತ್ತನೇ ಒಂದು ಪಾಲೂ ಅವನ ಹೊಟ್ಟೆ ಸೇರುತ್ತಿರಲಿಲ್ಲ. ಈ ಪ್ರಮಾಣದಿಂದ ಮನುಷ್ಯನ ಆರೋಗ್ಯಕ್ಕೆ ಗಣನೀಯ ಹಾನಿಯ ಸಂಭವ ತೀರಾ ಕಡಿಮೆ ಎಂಬುದೇ ಸಂಸ್ಥೆಯ ತೀರ್ಮಾನ.

ಇಷ್ಟಕ್ಕೆ ನಿಶ್ಚಿಂತರಾಗಬಹುದಿತ್ತು. ಆದರೆ ನೀರನ್ನು ಕುಡಿಯುವವರು ಮನುಷ್ಯರು ಮಾತ್ರವಲ್ಲ. ಕೆನಡಾದ ಸರೋವರವೊಂದರಲ್ಲಿ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಸುಮಾರು 5 ನ್ಯಾನೊಗ್ರಾಂನಷ್ಟು ಬೆರೆಸಿ ಮೂರು ಬೇಸಿಗೆ ಪ್ರಯೋಗ ನಡೆಸಿದಾಗ ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಕಂಡವು, ಒಂದು ಜಾತಿಯ ಮೀನಿನ ಸಂತತಿಯೇ ಅಳಿವಿನಂಚಿಗೆ ಬಂತು. ನಮ್ಮ ರಣಹದ್ದುಗಳ ಕತೆ ನೀರಿನದಲ್ಲದಿದ್ದರೂ ಇಲ್ಲಿ ನೆನೆಯತಕ್ಕದ್ದೇ. ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್ ಅವುಗಳ ಹೆಣದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ, ಉಪಖಂಡದ ಆಕಾಶವನ್ನೇ ಖಾಲಿ ಮಾಡಿತು. ಕಾರಣ ತಿಳಿದದ್ದು 2004ರಲ್ಲಿ. ಭಾರತ 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಿತು. ಮನುಷ್ಯನಿಗೆ ಮೊಣಕಾಲು ನೋವಿನ ಮಾತ್ರೆ, ಹದ್ದಿಗೆ ಅದೇ ವಿಷ.

ಇನ್ನು ಸೂಕ್ಷ್ಮಜೀವಿಗಳ ಮಾತು. ನಿಜವಾದ ಭಯ ಇರುವುದು ಇಲ್ಲಿಯೇ, ಮತ್ತು ಈ ಭಯದ ಜಗತ್ಪ್ರಸಿದ್ಧ ಉದಾಹರಣೆ ಇರುವುದು ಈ ಊರುಗಳಿಂದ ಕೆಲವೇ ಗಂಟೆಗಳ ಹಾದಿಯಲ್ಲಿ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಹೊರಟು ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮಾರ್ಗವಾಗಿ ಸಿಕಂದರಾಬಾದಿಗೆ ಓಡತೊಡಗಿತು. ಈ ಭಾಗದ ಜನ ದೊಡ್ಡ ಕಾಯಿಲೆಗೆ ಇಂದಿಗೂ ಅದೇ ಹಳಿಯ ಮೇಲೆ ಹೈದರಾಬಾದಿಗೆ ಹೋಗುತ್ತಾರೆ. ಆ ನಗರದ ಅಂಚಿನ ಪಟಾನ್‌ಚೆರು ಔಷಧಿ ಕಾರ್ಖಾನೆಗಳ ತವರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿನ ಸುಮಾರು 90 ಕಾರ್ಖಾನೆಗಳ ಕೊಳೆನೀರನ್ನು ಶುದ್ಧೀಕರಿಸುವ ಘಟಕದಿಂದ ಹೊರಬರುವ ನೀರನ್ನು ಅಳೆದರು. ಶುದ್ಧೀಕರಿಸಿದ್ದು ಎನ್ನಲಾದ ಆ ನೀರಿನ ಪ್ರತಿ ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ನ್ಯಾನೊಗ್ರಾಂ ಅಲ್ಲ, ಮಿಲಿಗ್ರಾಂ! ಆ ಔಷಧಿ ಸೇವಿಸುತ್ತಿರುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಅದು ಹೆಚ್ಚು. ದಿನಕ್ಕೆ ಹರಿದುಹೋಗುತ್ತಿದ್ದ ಒಟ್ಟು ಪ್ರಮಾಣ ಸುಮಾರು 45 ಕಿಲೊ ಎಂದು ಅವರು ಅಂದಾಜು ಮಾಡಿದರು. 2009ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಆ ಪ್ರದೇಶದ ಬಾವಿಗಳಲ್ಲೂ ಔಷಧಿ ಸಿಕ್ಕಿತು.

ಆ ನೀರು ನಕ್ಕವಾಗು ಹಳ್ಳದಿಂದ ಮಂಜೀರೆಗೆ, ಅಲ್ಲಿಂದ ಗೋದಾವರಿಗೆ ಹೋಗುವಂಥದ್ದು. ಕಾಗಿಣೆಗೆ ಬರುವುದಿಲ್ಲ. ವಿಕಾರಾಬಾದಿನ ಅನಂತಗಿರಿ ಗುಡ್ಡಗಳೇ ಇದಕ್ಕೆ ನೀರಗಡಿ. ಅಲ್ಲಿ ಹುಟ್ಟುವ ಮೂಸಿ ಪೂರ್ವಕ್ಕೆ ಹೈದರಾಬಾದಿನತ್ತ ಹರಿದರೆ, ಅಲ್ಲೇ ಹುಟ್ಟುವ ಕಾಗಿಣಾ ಪಶ್ಚಿಮಕ್ಕೆ ತಿರುಗಿ ತಾಂಡೂರು ದಾಟಿ ಕರ್ನಾಟಕಕ್ಕೆ ಬರುತ್ತದೆ. ಚಿಂಚೋಳಿಯ ಮುಲ್ಲಾಮಾರಿ, ಬೆಣ್ಣೆತೊರೆಗಳನ್ನು ಕೂಡಿಸಿಕೊಂಡು ಶಹಾಬಾದ್-ವಾಡಿ ಸೀಮೆಯಲ್ಲಿ ಭೀಮೆಗೆ ಸೇರುತ್ತದೆ. ನೀರು ಬಾರದಿದ್ದರೂ ಅದರ ಫಲ ಬಾರದೆಂದು ಹೇಳುವಂತಿಲ್ಲ. ಔಷಧಿ ತುಂಬಿದ ಕೊಳೆಯಲ್ಲಿ ಬಡ ಬ್ಯಾಕ್ಟೀರಿಯಾ ಸತ್ತು, ಗಟ್ಟಿಯಾದದ್ದು ಉಳಿದು ಬೆಳೆಯುತ್ತದೆ. ತನ್ನ ಗಟ್ಟಿತನದ ಗುಟ್ಟನ್ನು ಅಕ್ಕಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಅಂಥದ್ದು ಮನುಷ್ಯನ ಕರುಳನ್ನು ಹೊಕ್ಕರೆ ನದಿಯ ದಿಕ್ಕನ್ನು ನೋಡುವುದಿಲ್ಲ, ರೈಲು ಹತ್ತಿದವರ ಜೊತೆಗೇ ಬರುತ್ತದೆ. ದೆಹಲಿಯಲ್ಲಿ ಪರೀಕ್ಷಿಸಿದ 50 ನಲ್ಲಿ ನೀರಿನ ಮಾದರಿಗಳ ಪೈಕಿ ಎರಡರಲ್ಲಿ, ಪ್ರಬಲ ಪ್ರತಿಜೈವಿಕಗಳಿಗೂ ಬಗ್ಗದಂತೆ ಮಾಡುವ ಎನ್‌ಡಿಎಂ-1 ಎಂಬ ಜೀನ್ ಇದ್ದುದು 2011ರಲ್ಲಿ ಬೆಳಕಿಗೆ ಬಂತು. ಅಲ್ಲಿ ಔಷಧಿ ಕಾರ್ಖಾನೆಯೇ ಬೇಕಿರಲಿಲ್ಲ, ಸೋರುವ ಚರಂಡಿ ಸಾಕಾಗಿತ್ತು. ವಾಂತಿ-ಭೇದಿಗೆ, ಮೂತ್ರದ ಸೋಂಕಿಗೆ ನಿನ್ನೆ ಮೂರು ದಿನದಲ್ಲಿ ವಾಸಿ ಮಾಡುತ್ತಿದ್ದ ಮಾತ್ರೆ ನಾಳೆ ಕೆಲಸ ಮಾಡದೆ ಹೋಗುವುದೆಂದರೆ ಇದೇ.

ಕಾಗಿಣೆಯ ಊರುಗಳಿಗೆ ತಮ್ಮದೇ ಒಂದು ತೊಡಕೂ ಇದೆ. ಇಡೀ ಸೀಮೆ ನಿಂತಿರುವುದು ಸುಣ್ಣದ ಕಲ್ಲಿನ ಮೇಲೆ. ಶಹಾಬಾದಿ ಫರಸಿ ಮನೆಗೆ ನೆಲವಾಯಿತು, ಮಾಳಿಗೆಯಾಯಿತು. ಅದೇ ಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದಿತು. ಆದರೆ ಸುಣ್ಣಕಲ್ಲು ಪದರ ಪದರವಾಗಿ ಬಿರುಕು ಬಿಟ್ಟ ಕಲ್ಲು. ಮೇಲಿನ ಕೊಳೆ ಮಣ್ಣಿನಲ್ಲಾದರೆ ನಿಧಾನ ಇಳಿಯುತ್ತಾ ಸೋಸಿಕೊಳ್ಳುತ್ತದೆ, ಇಲ್ಲಿ ಬಿರುಕು ಹಿಡಿದು ಸರಸರನೆ ಕೆಳಗಿಳಿಯಬಲ್ಲದು. ಶೌಚದ ಗುಂಡಿಗೂ ಕೊಳವೆ ಬಾವಿಗೂ ನಡುವೆ ಕಣ್ಣಿಗೆ ಕಾಣುವ ಅಂತರ ಇಲ್ಲಿ ಭರವಸೆ ಕೊಡುವುದಿಲ್ಲ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ನಿಂತ ಹಸಿರು ನೀರು, ಅಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೈತೊಳೆಯುವವರು ಈ ಕಡೆ ಓಡಾಡಿದವರಿಗೆ ಹೊಸ ನೋಟವಲ್ಲ. ಆ ಖಣಿಯ ತಳವೂ ಅದೇ ಬಿರುಕು ಕಲ್ಲು.

ನೀರು ಸರಬರಾಜು ಘಟಕದಲ್ಲಿ ಆಗುವುದೇನು? ಪಟಿಕ ಹಾಕಿದರೆ ಕೆಸರಿನ ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ. ಹಿಂದೆ ಚಿಲ್ಲದ ಬೀಜ ತೇಯ್ದು ಗಡಿಗೆಗೆ ಹಾಕುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ. ಮರಳಿನ ಹಾಸು ಉಳಿದದ್ದನ್ನು ಹಿಡಿಯುತ್ತದೆ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ, ಕೆಲವು ಔಷಧಿಗಳನ್ನು ಒಡೆಯುವುದೂ ಉಂಟು. ಆದರೆ ಸಕ್ಕರೆಯಂತೆ ನೀರಿನಲ್ಲಿ ಕರಗಿಹೋದ ಕಾರ್ಬಮಜೆಪೀನ್ ಪಟಿಕಕ್ಕೆ ಸಿಗುವುದಿಲ್ಲ, ಮರಳಿಗೂ ಸಿಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಇದ್ದಿಲಿನ ಸೋಸಕ, ಓಜೋನ್ ಅಥವಾ ಆರ್‌ಒ ಬೇಕು. ಹಾಗೆಂದು ಮನೆ ಮನೆಗೆ ಆರ್‌ಒ ಕೂರಿಸುವುದನ್ನು ಪರಿಹಾರವೆನ್ನಲಾಗದು. ಒಂದು ಕೊಡ ಕೊಟ್ಟು ಅದಕ್ಕಿಂತ ಹೆಚ್ಚನ್ನು ಚರಂಡಿಗೆ ಬಿಡುವ ಯಂತ್ರ ಬರದ ನಾಡಿಗೆ ಹೇಳಿಸಿದ್ದಲ್ಲ, ಮತ್ತು ಅದು ತೆಗೆದ ಔಷಧಿ ಮರಳಿ ಹೋಗುವುದೂ ಆ ಚರಂಡಿಗೇ. ಕುದಿಸಿದ ನೀರು ಮಾತ್ರೆಯನ್ನು ತೆಗೆಯದಿದ್ದರೂ ರೋಗಾಣುವನ್ನು ತೆಗೆಯುತ್ತದೆ. ಗಟ್ಟಿಗೊಂಡ ಬ್ಯಾಕ್ಟೀರಿಯಾ ಕೂಡ ಕುದಿಯುವ ನೀರಿನಲ್ಲಿ ಬದುಕದು. ಈ ಊರುಗಳ ಮಟ್ಟಿಗೆ ಇವತ್ತಿಗೂ ಮೊದಲ ಶತ್ರು ಚರಂಡಿಯ ಪಕ್ಕ ಹಾದ ಒಡೆದ ಪೈಪು. ಲೀಟರಿಗೆ 50 ನ್ಯಾನೊಗ್ರಾಂ ಎಂಬುದು ಅದರ ನಂತರದ ಚಿಂತೆ.

ಸರ್ಕಾರದ ಪಟ್ಟಿಯಲ್ಲಿ ಈ ಚಿಂತೆ ಇನ್ನೂ ಏರಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿದ ಐಎಸ್ 10500 ಎಂಬ 2012ರ ಮಾನದಂಡದಲ್ಲಿ ಫ್ಲೋರೈಡ್ ಇದೆ, ನೈಟ್ರೇಟ್ ಇದೆ, ಕೀಟನಾಶಕಗಳ ಹೆಸರುಗಳಿವೆ. ಔಷಧಿಗೆ ಮಿತಿ ಇಲ್ಲ. ಆ ಮಾನದಂಡದಂತೆ ಪರೀಕ್ಷೆಗೆ ಹೋದ ನಲ್ಲಿ ನೀರಿನ ಬಾಟಲಿಯಲ್ಲಿ ಔಷಧಿಯನ್ನು ಯಾರೂ ಹುಡುಕುವುದಿಲ್ಲ. ಕಾರ್ಖಾನೆಗಳ ಕೊಳೆನೀರಿನಲ್ಲಿ 121 ಪ್ರತಿಜೈವಿಕಗಳಿಗೆ ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತು. ಜಗತ್ತಿನಲ್ಲೇ ಅಪರೂಪದ ಹೆಜ್ಜೆ ಎಂದು ಹೊರಗಿನವರೂ ಮೆಚ್ಚಿದರು. 2021ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳೇ ಅದರಲ್ಲಿ ಇರಲಿಲ್ಲ. ಇತ್ತ ಔಷಧಿ ಮತ್ತು ರಾಸಾಯನಿಕ ಘಟಕಗಳು ಹೈದರಾಬಾದಿನ ಸುತ್ತಲಷ್ಟೇ ನಿಂತಿಲ್ಲ. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಗಳಿಗೂ ಬಂದಿವೆ. ಗಾಳಿಯ ನಾತ, ನೀರಿನ ಬಣ್ಣದ ಬಗ್ಗೆ ಅಲ್ಲಿನ ಹಳ್ಳಿಯವರ ದೂರುಗಳೂ ಅವುಗಳ ಹಿಂದೆಯೇ ಬಂದಿವೆ. ಯುರೋಪ್ ಒಕ್ಕೂಟ 2024ರಲ್ಲಿ ಬೇರೆ ದಾರಿ ಹಿಡಿಯಿತು. ದೊಡ್ಡ ಊರುಗಳ ಚರಂಡಿ ನೀರಿನಿಂದ ಔಷಧಿ ತೆಗೆಯುವ ಖರ್ಚಿನ ಕನಿಷ್ಠ ಶೇ 80 ಭಾಗವನ್ನು ಔಷಧಿ ಮತ್ತು ಸೌಂದರ್ಯವರ್ಧಕ ತಯಾರಕರೇ ಭರಿಸಬೇಕು ಎಂಬುದು ಅಲ್ಲಿನ ಹೊಸ ಕಾನೂನು.

ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆಗಳ ಪ್ರಶ್ನೆ ಇದಕ್ಕಿಂತ ಸಣ್ಣದು, ಆದರೆ ಕೈಯಳತೆಯದು. ಕೇರಳದ ಔಷಧ ನಿಯಂತ್ರಣ ಇಲಾಖೆ ಅವಧಿ ಮೀರಿದ ಮತ್ತು ಬಳಸದೆ ಉಳಿದ ಔಷಧಿಗಳನ್ನು ಮನೆಗಳಿಂದ ಸಂಗ್ರಹಿಸುವ ಯೋಜನೆಯನ್ನು ಕೋಯಿಕ್ಕೋಡಿನಲ್ಲಿ ಆರಂಭಿಸಿದೆ. ಸಂಗ್ರಹಿಸಿದ್ದನ್ನು ಹೆಚ್ಚು ಶಾಖದ ಕುಲುಮೆಯಲ್ಲಿ ಸುಡಬೇಕು. ಅಂಥ ಶಾಖಕ್ಕೆ ಸೇಡಂ, ವಾಡಿಗಳಲ್ಲಿ ಕೊರತೆಯೇನಿಲ್ಲ: ಸಿಮೆಂಟ್ ಗೂಡುಗಳು ಸಾವಿರದ ನಾನೂರು ಡಿಗ್ರಿಗೂ ಮೀರಿ ಹಗಲಿರುಳು ಉರಿಯುತ್ತಿರುತ್ತವೆ, ಮತ್ತು ಅಪಾಯಕಾರಿ ತ್ಯಾಜ್ಯವನ್ನು ಅಂಥ ಗೂಡುಗಳಲ್ಲಿ ಸುಡಲು ದೇಶದ ನಿಯಮಗಳು 2016ರಿಂದಲೇ ಅವಕಾಶ ಕೊಟ್ಟಿವೆ.