ದೊಡ್ಡಮ್ಮನ ಮಾತ್ರೆ ಚೀಲ

ತಿಪಟೂರಿನ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಅಲ್ಲಿ ದೇವರ ಗೂಡಿನ ಪಕ್ಕದ ಮೊಳೆಗೆ ಒಂದು ಬಟ್ಟೆ ಚೀಲ ನೇತಾಡುತ್ತಿರುತ್ತದೆ. ಮಗಳ ಮದುವೆಗೆ ಸೀರೆ ತಂದಾಗ ಅಂಗಡಿಯವರು ಕೊಟ್ಟ ಚೀಲ, ಈಗ ಅದರ ತುಂಬ ಮಾತ್ರೆ. ಹೋದ ಮಳೆಗಾಲದಲ್ಲಿ ದೊಡ್ಡಮ್ಮನ ಕಾಲು ಊದಿಕೊಂಡಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಎದ್ದು ಗೋಡೆಗೆ ಒರಗಿ ಕೂರತೊಡಗಿದರು. ನೋಡಲು ಹೋದ ನಾನು ಆ ಚೀಲವನ್ನು ಚಾಪೆಯ ಮೇಲೆ ಸುರಿದೆ. ಹನ್ನೊಂದು ಬಗೆಯ ಮಾತ್ರೆಗಳಿದ್ದವು. ಹೃದಯದ ಡಾಕ್ಟರು ಬರೆದದ್ದು ಐದು, ಶುಗರ್ ಡಾಕ್ಟರು ಬರೆದದ್ದು ಮೂರು, ಥೈರಾಯ್ಡಿಗೆ ಒಂದು. ಉಳಿದೆರಡಕ್ಕೆ ಚೀಟಿಯೇ ಇರಲಿಲ್ಲ. ಒಂದು ಗ್ಯಾಸಿನದು. ಇನ್ನೊಂದು ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕತ್ತರಿಯಿಂದ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟದ್ದು. ಹಿಂಬದಿಯಲ್ಲಿ ಅರ್ಧ ಹೆಸರು ಮಾತ್ರ ಉಳಿದಿತ್ತು.

'ಇಷ್ಟೂ ಹೊಟ್ಟೆಗೆ ಹೋದ್ರೆ ಒಂದಕ್ಕೊಂದು ಜಗಳ ಆಡಲ್ವೇನೇ?' ದೊಡ್ಡಮ್ಮ ಕೇಳಿದರು.

ಜಗಳ ಆಡುತ್ತವೆ. ಮಾತ್ರೆಗಳಷ್ಟೇ ಅಲ್ಲ, ಕಾಯಿಲೆಗಳೂ ಒಳಗೆ ಒಂದನ್ನೊಂದು ಕೆಣಕುತ್ತವೆ. ಹೃದಯ ವೈಫಲ್ಯದ ಬಗ್ಗೆ ನಾವು ಮನೆಮನೆಯಲ್ಲೂ ತಿಳಿಯಬೇಕಾದದ್ದು ಇದನ್ನೇ. ಈ ಕಾಯಿಲೆ ಒಂಟಿಯಾಗಿ ಬರುವುದು ಅಪರೂಪ.

'ವೈಫಲ್ಯ' ಎಂಬ ಮಾತು ಕೇಳಿದರೆ ಹೃದಯ ನಿಂತೇಹೋಯಿತೇನೋ ಎಂದು ಎದೆ ಝಲ್ಲೆನ್ನುತ್ತದೆ. ಹಾಗಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ತಳ್ಳುವ ಶಕ್ತಿ ಹೃದಯಕ್ಕೆ ಕಡಿಮೆಯಾಗಿದೆ ಎಂದರ್ಥ. ಜನ ಹೇಳುವ 'ಪಂಪಿಂಗ್ ಕಮ್ಮಿ' ಎಂಬುದೇ ಸರಿಯಾದ ಮಾತು. ಎಕೋ ಪರೀಕ್ಷೆಯಲ್ಲಿ ಬರೆಯುವ ಈಎಫ್, ಅಂದರೆ ಒಂದು ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರಹಾಕುವ ರಕ್ತದ ಪಾಲು, ಆರೋಗ್ಯವಂತರಲ್ಲಿ ಸುಮಾರು ಶೇ 55ರಿಂದ 70. ಶೇ 40 ಅಥವಾ ಅದಕ್ಕಿಂತ ಕೆಳಗಿದ್ದರೆ ಹೃದಯ ಸೋತಿದೆ ಎನ್ನುತ್ತಾರೆ. ಈಎಫ್ ಚೆನ್ನಾಗಿದ್ದರೂ ಹೃದಯದ ಗೋಡೆ ಬಿಗಿದುಕೊಂಡು ಸಡಿಲಗೊಳ್ಳದೆ ವೈಫಲ್ಯ ಆಗುವುದುಂಟು. ವಯಸ್ಸಾದ ಹೆಂಗಸರಲ್ಲಿ, ದಪ್ಪ ಮೈಯವರಲ್ಲಿ, ಬಿಪಿ ಮತ್ತು ಶುಗರ್ ಇದ್ದವರಲ್ಲಿ ಇದು ಹೆಚ್ಚು. ಈ ಬಗೆಯಲ್ಲಂತೂ ಜೊತೆಗಿರುವ ಕಾಯಿಲೆಗಳೇ ಹೃದಯವನ್ನು ಇಲ್ಲಿಯವರೆಗೆ ತಂದಿರುತ್ತವೆ.

ಮೂತ್ರಪಿಂಡದಿಂದ ಶುರುಮಾಡೋಣ. ಹೃದಯಕ್ಕೂ ಮೂತ್ರಪಿಂಡಕ್ಕೂ ಇರುವ ನಂಟು ನನಗೆ ಅರ್ಥವಾದದ್ದು ಕಾಲುವೆಯ ಕೊನೆಭಾಗದ ರೈತರನ್ನು ನೆನೆದಾಗ. ಕಾಲುವೆಯಲ್ಲಿ ನೀರು ಬರಲಿಲ್ಲವೆಂದರೆ ಅವರಿಗೆ ಅಣೆಕಟ್ಟು ಬತ್ತಿದೆಯೋ, ಮೇಲೆ ತೂಬು ಕೆಟ್ಟಿದೆಯೋ ತಿಳಿಯದು. ಸಿಕ್ಕ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿಕೊಳ್ಳುತ್ತಾರೆ. ಮೂತ್ರಪಿಂಡ ಮಾಡುವುದೂ ಅದನ್ನೇ. ಸೋತ ಹೃದಯದಿಂದ ರಕ್ತ ಕಡಿಮೆ ಬಂದರೆ, ಮೈಯಲ್ಲಿ ನೀರೇ ಇಲ್ಲವೆಂದು ತಿಳಿದು ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರೇ ಕಾಲಿಗಿಳಿದು ಬಾವಾಗುತ್ತದೆ, ಶ್ವಾಸಕೋಶಕ್ಕೆ ಏರಿ ಉಸಿರು ಕಟ್ಟಿಸುತ್ತದೆ. ಅದನ್ನು ಇಳಿಸಲು ಕೊಡುವ ನೀರಿನ ಮಾತ್ರೆ ಹೆಚ್ಚಾದರೆ ಮೂತ್ರಪಿಂಡ ಒಣಗುತ್ತದೆ, ಕಡಿಮೆಯಾದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಹೃದಯದ ಡಾಕ್ಟರು ಪದೇಪದೇ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಬರೆಯುವುದು ಈ ಕಾರಣಕ್ಕೆ. ದುಡ್ಡು ದಂಡ ಎಂದು ಅದನ್ನು ಬಿಡಬಾರದು.

ದೊಡ್ಡಮ್ಮ ಬಿಟ್ಟಿದ್ದರು. ಆ ಸಲ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 6.1 ಬಂತು. ಸಾಮಾನ್ಯವಾಗಿ ಅದು 3.5ರಿಂದ 5ರ ಒಳಗಿರಬೇಕು. ಆರು ದಾಟಿದರೆ ಹೃದಯದ ಬಡಿತವೇ ತಪ್ಪುವ ಅಪಾಯವಿದೆ. ಇದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಒಬ್ಬರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಹೃದಯಕ್ಕೆ ಕೊಟ್ಟಿದ್ದ ಸ್ಪೈರೊನೊಲ್ಯಾಕ್ಟೋನ್ ಒಳ್ಳೆಯ ಔಷಧ. ಹೃದಯ ತೀರಾ ಸೋತವರ ಸಾವನ್ನು ಅದು ತಗ್ಗಿಸುತ್ತದೆಂದು 1999ರಲ್ಲೇ ದೊಡ್ಡ ಅಧ್ಯಯನ ತೋರಿಸಿತ್ತು. ಆದರೆ ಅದು ಪೊಟ್ಯಾಸಿಯಮ್ಮನ್ನು ಮೈಯಲ್ಲೇ ಉಳಿಸುತ್ತದೆ. ಬಿಪಿಗೆ ಕೊಟ್ಟ ಮಾತ್ರೆಯೂ ಅಷ್ಟೆ. ಅದರ ಮೇಲೆ, ಉಪ್ಪು ಕಡಿಮೆ ಮಾಡಬೇಕೆಂದಾಗ ಬೆಂಗಳೂರಿನಲ್ಲಿರುವ ಮಗ ಅಮ್ಮನ ಮೇಲಿನ ಅಕ್ಕರೆಯಿಂದ ಲೋ ಸೋಡಿಯಂ ಉಪ್ಪು ತಂದುಕೊಟ್ಟಿದ್ದ. ಅದರಲ್ಲಿ ಸೋಡಿಯಮ್ಮಿನ ಒಂದು ಪಾಲಿನ ಜಾಗದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್. ಇನ್ನು ತೆಂಗಿನ ಸೀಮೆಯಲ್ಲಿ ಸುಸ್ತಾದವರಿಗೆ ಮೊದಲು ಕೊಡುವುದೇ ಎಳನೀರು. ದಿನಕ್ಕೆರಡು ಕುಡಿಯುತ್ತಿದ್ದರು. ಎಳನೀರಿನಲ್ಲೂ ಪೊಟ್ಯಾಸಿಯಂ ತುಂಬಿದೆ. ಆರೋಗ್ಯವಂತರಿಗೆ ಅದು ಅಮೃತ. ಮೂತ್ರಪಿಂಡ ಸೊರಗಿ, ಈ ಮಾತ್ರೆಗಳನ್ನೂ ನುಂಗುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಇದನ್ನು ನಮ್ಮ ಊರುಗಳಲ್ಲಿ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಅರ್ಧ ಹೆಸರು ಉಳಿದಿದ್ದ ಆ ಮಂಡಿನೋವಿನ ಮಾತ್ರೆ ಡೈಕ್ಲೋಫಿನಾಕ್ ಆಗಿತ್ತು. ಡೈಕ್ಲೋಫಿನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ಉಪ್ಪು ನೀರನ್ನು ಮೈಯಲ್ಲೇ ನಿಲ್ಲಿಸುತ್ತವೆ, ನೀರಿನ ಮಾತ್ರೆಯ ಕೆಲಸವನ್ನು ಅರ್ಧಕ್ಕೇ ತಡೆಯುತ್ತವೆ, ಪೊಟ್ಯಾಸಿಯಮ್ಮನ್ನೂ ಏರಿಸುತ್ತವೆ. ಹೃದಯ ಸೋತವರ ಕಾಲು ಇದ್ದಕ್ಕಿದ್ದಂತೆ ಊದಿದರೆ ನೋವಿನ ಮಾತ್ರೆ ನುಂಗಿದ್ದೀರಾ ಎಂದು ಮೊದಲು ಕೇಳಬೇಕು. ಮಂಡಿನೋವು ಸುಳ್ಳಲ್ಲ. ವಯಸ್ಸಾದವರಿಗೆ ಅದೇ ದಿನದಿನದ ಸಂಕಟ. ಅದಕ್ಕೆ ಡಾಕ್ಟರು ಹೇಳಿದ ಮಿತಿಯಲ್ಲಿ ಪ್ಯಾರಸಿಟಮಾಲ್ ಇದೆ, ಬಿಸಿ ಶಾಖವಿದೆ, ಫಿಸಿಯೋಥೆರಪಿ ಇದೆ. ನೀರಿನಲ್ಲಿ ಹಾಕಿದರೆ ನೊರೆಯುಕ್ಕಿ ಕರಗುವ ಮಾತ್ರೆಗಳಲ್ಲಿ ಸೋಡಿಯಂ ಬಹಳ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಉಪ್ಪಿನಕಾಯಿ, ಹಪ್ಪಳ ಬಿಟ್ಟೆವೆಂದು ಸಮಾಧಾನಪಟ್ಟವರಿಗೆ ಉಪ್ಪು ಈ ದಾರಿಯಲ್ಲೂ ಬರುತ್ತದೆ.

ಶುಗರ್ ವಿಷಯದಲ್ಲಿ ಮನಸ್ಸಿಗೆ ಹಿತವಾಗುವ ಒಂದು ಕಥೆಯಿದೆ. ಸಕ್ಕರೆ ಕಾಯಿಲೆಯಿರುವ ಗಂಡಸರಿಗೆ ಹೃದಯ ವೈಫಲ್ಯದ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಿಗೆ ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1974ರಲ್ಲಿ ತೋರಿಸಿತು. ಮುಂದೆ ಶುಗರ್ ಇಳಿಸಲು ಬಂದ ಔಷಧಗಳಲ್ಲಿ ಕೆಲವು ಹೃದಯಕ್ಕೆ ಭಾರವಾದವು. ಪಯೋಗ್ಲಿಟಾಜೋನ್ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಹೃದಯ ಸೋತವರಿಗೆ ಅದು ಬೇಡ. ಇನ್ನೊಂದು ದಾರಿ ಸೇಬಿನ ಮರದ ತೊಗಟೆಯಿಂದ ಬಂತು. ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಯುರೋಪಿನ ರಸಾಯನ ಶಾಸ್ತ್ರಜ್ಞರು 1835ರಲ್ಲೇ ಆ ತೊಗಟೆಯಿಂದ ಬೇರ್ಪಡಿಸಿದ್ದರು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತಿತ್ತು. ಅದೇ ಜಾಡಿನಲ್ಲಿ ತಯಾರಾದ ಡಾಪಾಗ್ಲಿಫ್ಲೋಜಿನ್ ಹೃದಯ ವೈಫಲ್ಯದವರನ್ನು ಕಾಪಾಡುತ್ತದೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದರಲ್ಲಿದ್ದ 4,700ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಶುಗರ್ ಇರಲೇ ಇಲ್ಲ. ಮೂತ್ರಪಿಂಡ ಸವೆಯುವುದನ್ನೂ ಈ ಮಾತ್ರೆ ನಿಧಾನಿಸುತ್ತದೆ. ಒಂದೇ ಮಾತ್ರೆ ಮೂರು ಕಾಯಿಲೆಗೆ ಒದಗುವುದು ದೊಡ್ಡ ಮಾತು. 2020ರಲ್ಲಿ ಪೇಟೆಂಟ್ ಮುಗಿದು ನಮ್ಮಲ್ಲಿ ಅದರ ಬೆಲೆಯೂ ಇಳಿದಿದೆ. ಎಚ್ಚರವೂ ಬೇಕು. ವಾಂತಿ ಭೇದಿಯಾದ ದಿನ, ಶಿವರಾತ್ರಿಯಂಥ ಕಟ್ಟುನಿಟ್ಟಿನ ಉಪವಾಸದ ದಿನ ಈ ಮಾತ್ರೆಯನ್ನು ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಸುಸ್ತು ಎಂದರೆ ಎಲ್ಲರೂ 'ಪಂಪಿಂಗ್ ಕಮ್ಮಿಯಲ್ಲವೇ, ಇದ್ದದ್ದೇ' ಎಂದುಬಿಡುತ್ತಾರೆ. ಹೃದಯ ವೈಫಲ್ಯವಿರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕಬ್ಬಿಣದ ಕೊರತೆ ಇರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಇರಬಹುದು. ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಇಂಥವರಿಗೆ ಕಬ್ಬಿಣದ ಮಾತ್ರೆ ನುಂಗಿಸಿದರೆ ಅಷ್ಟಾಗಿ ಫಲವಿಲ್ಲ, ರಕ್ತನಾಳದ ಮೂಲಕ ಕೊಟ್ಟರೆ ನಡೆಯುವ ಶಕ್ತಿ ಹೆಚ್ಚುತ್ತದೆ ಎಂಬುದು 2009ರಿಂದ ಈಚಿನ ಅಧ್ಯಯನಗಳಲ್ಲಿ ಕಂಡಿದೆ. ಥೈರಾಯ್ಡ್ ಏರಿದರೂ ಇಳಿದರೂ ಹೃದಯಕ್ಕೆ ಹೊರೆ. ಗೊರಕೆ ಹೊಡೆಯುತ್ತ ನಡುನಡುವೆ ಉಸಿರೇ ನಿಲ್ಲುವ ಸ್ಲೀಪ್ ಆಪ್ನಿಯಾ ರಾತ್ರಿಯಿಡೀ ಹೃದಯವನ್ನು ದುಡಿಸುತ್ತದೆ. ಬಡಿತ ತಾಳ ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದೆಂದು ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಅದು ವಾರ್ಫರಿನ್ ಆದರೆ ಸೊಪ್ಪನ್ನು ಬಿಡಬೇಕಾಗಿಲ್ಲ, ವಾರವಾರವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು ಅಷ್ಟೆ.

ಉಸಿರಿನ ಕಥೆ ಇನ್ನೂ ತೊಡಕಿನದು. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಶ್ವಾಸನಾಳ ಕುಗ್ಗುವ ಸಿಒಪಿಡಿ ಬರುತ್ತದೆ. ನಲವತ್ತು ವರ್ಷ ತೆಂಗಿನ ಮಟ್ಟೆ, ಗರಿ ಉರಿಸಿ ಒಲೆಯ ಮುಂದೆ ಕೂತ ದೊಡ್ಡಮ್ಮನಂಥವರ ಎದೆಯೊಳಗೆ ಹೊಗೆ ಸೇರಿರುತ್ತದೆ. ಏದುಸಿರು ಹೃದಯದ್ದೋ ಶ್ವಾಸಕೋಶದ್ದೋ ಎಂದು ಮನೆಯವರಿಗೆ ತಿಳಿಯುವುದಿಲ್ಲ, ಎಷ್ಟೋ ಸಲ ಎರಡೂ ಸೇರಿರುತ್ತವೆ. ತಲೆಗೆ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳುವುದು ಈ ಗೊಂದಲ ಬಿಡಿಸಲಿಕ್ಕೆ. ಒಂದು ದಿಂಬಿದ್ದದ್ದು ಮೂರಾಯಿತೆಂದರೆ ನೀರು ಏರುತ್ತಿರಬಹುದು. ಬಿಎನ್‌ಪಿ ಎಂಬ ರಕ್ತ ಪರೀಕ್ಷೆಯೂ ದಾರಿ ತೋರಿಸುತ್ತದೆ.

ಯಾವ ಎಕೋದಲ್ಲೂ ಕಾಣದ ಇನ್ನೊಂದು ಕಾಯಿಲೆಯಿದೆ. ದೊಡ್ಡಮ್ಮ ರಂಗೋಲಿ ಹಾಕುವುದನ್ನು ಬಿಟ್ಟಿದ್ದರು. ಬಗ್ಗಿದರೆ ಉಸಿರು ಕಟ್ಟುತ್ತದೆಂದು ಮೊದಮೊದಲು, ಆಮೇಲೆ 'ಯಾರು ನೋಡ್ಬೇಕು ಬಿಡು' ಎಂದು. ಎದುರು ಮನೆಯ ಕಟ್ಟೆಗೂ ಹೋಗುತ್ತಿರಲಿಲ್ಲ. ನಾವೆಲ್ಲ ಒಳ್ಳೆಯದಕ್ಕೇ ಎಂದುಕೊಂಡು 'ನೀವು ಸುಮ್ನೆ ಕೂತ್ಕೊಳ್ಳಿ' ಎನ್ನುತ್ತ ಕೈಯಿಂದ ಪೊರಕೆ, ಮೊರ, ಸೌಟು ಎಲ್ಲ ಕಿತ್ತುಕೊಂಡಿದ್ದೆವು. ಹೃದಯ ವೈಫಲ್ಯವಿರುವ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಇರುತ್ತದೆ. ಮನಸ್ಸು ಕುಗ್ಗಿದವರು ಮಾತ್ರೆ ತಪ್ಪಿಸುತ್ತಾರೆ, ಊಟ ಬಿಡುತ್ತಾರೆ, ಮತ್ತೆ ಆಸ್ಪತ್ರೆ ಸೇರುತ್ತಾರೆ. ಡಾಕ್ಟರು ಹೇಳಿದಷ್ಟು ನಡಿಗೆ, ಕೈಲಾದಷ್ಟು ಮನೆಗೆಲಸ ಮಾಡಿಸಬೇಕೆಂದು ನಮಗೆ ತಿಳಿದದ್ದು ತಡವಾಗಿ. ಅದಕ್ಕೆ ಈಗಲೂ ಸಂಕಟವಾಗುತ್ತದೆ.

ಇದು ಮುದುಕರ ಪಾಡು ಮಾತ್ರ ಎಂದುಕೊಳ್ಳುವ ಹಾಗಿಲ್ಲ. ಪಕ್ಕದ ಕೇರಳದ ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 1,205 ಮಂದಿಯ ವಿವರ ದಾಖಲಿಸಿದರು. ಅವರ ಸರಾಸರಿ ವಯಸ್ಸು 61. ಶ್ರೀಮಂತ ದೇಶಗಳಲ್ಲಿ ಇದೇ ಕಾಯಿಲೆಯವರು ಸಾಮಾನ್ಯವಾಗಿ ಎಪ್ಪತ್ತು ದಾಟಿರುತ್ತಾರೆ. ತಿರುವನಂತಪುರದ ಆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಶುಗರ್ ಇತ್ತು. ನಲವತ್ತರಲ್ಲೇ ಬಿಪಿ, ಶುಗರ್ ಹಿಡಿಸಿಕೊಂಡು ಪರೀಕ್ಷೆ ಮುಂದೂಡುತ್ತಿರುವ ನಮ್ಮ ಮಕ್ಕಳ ತಲೆಮಾರಿಗೂ ಈ ಲೆಕ್ಕ ಸೇರುತ್ತದೆ.

ಪೊಟ್ಯಾಸಿಯಂ ಇಳಿದು ದೊಡ್ಡಮ್ಮ ಮನೆಗೆ ಬಂದ ಮೇಲೆ, ಊರಿಗೆ ಹತ್ತಿರದ ಒಬ್ಬ ಫಿಜಿಶಿಯನ್ ಹತ್ತಿರ ಚೀಲವನ್ನೇ ಒಯ್ದೆವು. ಅವರು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡು, ಯಾವುದು ಯಾರು ಯಾವಾಗ ಬರೆದದ್ದೆಂದು ಕೇಳುತ್ತ ಇಪ್ಪತ್ತು ನಿಮಿಷ ಕೂತರು. ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ನೋವಿನ ಮಾತ್ರೆ ಹೋಯಿತು, ಶುಗರಿನದು ಒಂದು ಬದಲಾಯಿತು, ಸ್ಪೈರೊನೊಲ್ಯಾಕ್ಟೋನ್ ಕೆಲವು ವಾರ ನಿಲ್ಲಿಸಿ ಮತ್ತೆ ಸಣ್ಣ ಪ್ರಮಾಣದಲ್ಲಿ ಬಂತು. ಒಂದೇ ಹಾಳೆಯಲ್ಲಿ ಎಲ್ಲ ಮಾತ್ರೆಯ ಹೆಸರು, ಹೊತ್ತು, ಯಾವುದಕ್ಕೆಂಬುದನ್ನು ಕನ್ನಡದಲ್ಲಿ ಬರೆದುಕೊಟ್ಟರು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ಇದನ್ನು ಮೊದಲು ತೋರಿಸಿ ಎಂದರು. ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಕಾಯದೆ ಫೋನ್ ಮಾಡಿ ಎಂದೂ ಹೇಳಿದರು.

ಈಗ ದೊಡ್ಡಮ್ಮ ಬೆಳಿಗ್ಗೆ ಬಚ್ಚಲಿನಿಂದ ಬಂದವರೇ, ಕಾಫಿಗೂ ಮೊದಲು, ತೂಕದ ಯಂತ್ರ ಹತ್ತುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ: 54.2, 54, 54.1. ಹೋದ ವಾರ ಫೋನಿನಲ್ಲಿ ಕೇಳಿದರು, 'ಯುಗಾದಿ ದಿನ ಒಂದೇ ಒಂದು ಎಳನೀರು ಕುಡೀಲೇನೇ? ಆ ಡಾಕ್ಟ್ರನ್ನ ಒಂದು ಮಾತು ಕೇಳಿ ಹೇಳು.'