ಚಿನ್ನದ ಗಣಿಯ ಕತ್ತಲಲ್ಲಿ ಮಿಂಚಿದ ಗೆರೆ

ಬಂಗಾರಪೇಟೆಯ ಕಡೆಯಿಂದ ಬೇತಮಂಗಲಕ್ಕೆ ಬರುವ ಬಂಧುಗಳು ಪಾಲಾರ್ ನದಿಯ ದೊಡ್ಡ ಕೆರೆಯನ್ನು ಕಂಡೇ ಇರುತ್ತಾರೆ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ನೀರು ಹೋದದ್ದು ಇಲ್ಲಿಂದಲೇ. ವಿದ್ಯುತ್ತು ಬಂದದ್ದು 1902ರಲ್ಲಿ ಶಿವನಸಮುದ್ರದಿಂದ. ನೀರು ಪಾಲಾರಿನದು, ದೀಪ ಕಾವೇರಿಯದು, ಬೆವರು ಬಡವರದು. ಚಿನ್ನ ಮಾತ್ರ ಬಹುಕಾಲ ಹಡಗೇರಿತು. ಆ ಕಥೆ ಎಲ್ಲರಿಗೂ ಗೊತ್ತು. ಅದೇ ಗಣಿಯ ಆಳದಲ್ಲಿ ನಾಲ್ಕು ದಶಕಗಳ ಕಾಲ ನಡೆದ ಬೇರೊಂದು ಕಾಯಕವನ್ನು ಕುರಿತು ನಾವು ಇಲ್ಲಿ ಬರೆಯುತ್ತಿದ್ದೇವೆ.

ಆಕಾಶದಿಂದ ಹಗಲಿರುಳೂ ವಿಶ್ವಕಿರಣಗಳು ಸುರಿಯುತ್ತಿರುತ್ತವೆ. ಅವು ಭೂಮಿಯೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲವೆಂದು ಅಳೆಯಲು ಹೋಮಿ ಭಾಭಾ ಅವರು ಆರಿಸಿದ ಸ್ಥಳ ಈ ಗಣಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ, ನಮ್ಮ ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರು 1951ರಲ್ಲಿ ಉಪಕರಣಗಳೊಡನೆ ಗಣಿಗಿಳಿದರು. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರಾದರು.

ಕೆಳಗಿಳಿದಂತೆಲ್ಲ ಕಿರಣಗಳ ಎಣಿಕೆ ಕುಗ್ಗುತ್ತ ಬಂತು. 1960ರ ದಶಕದ ಮೊದಲ ವರ್ಷಗಳಲ್ಲಿ ಅತ್ಯಂತ ಆಳದಲ್ಲಿಟ್ಟ ಉಪಕರಣವು ಸುಮಾರು ಎರಡು ತಿಂಗಳು ಕಾದರೂ ಒಂದನ್ನೂ ಎಣಿಸಲಿಲ್ಲ. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ! ವಿಜ್ಞಾನಿಗಳು ಆ ಶೂನ್ಯದಲ್ಲಿಯೇ ಒಂದು ಅವಕಾಶವನ್ನು ಕಂಡರು. ಉಳಿದೆಲ್ಲವನ್ನೂ ಬಂಡೆ ತಡೆದಿದೆಯಾದರೆ, ಬಂಡೆಯೂ ತಡೆಯಲಾರದ ಕಣವನ್ನು ಹುಡುಕಲು ಇದಕ್ಕಿಂತ ಪ್ರಶಸ್ತವಾದ ಸ್ಥಳವೆಲ್ಲಿ?

ಆ ಕಣವೇ ನ್ಯೂಟ್ರಿನೊ. ಸೂರ್ಯನ ಗರ್ಭದಲ್ಲಿ ಅನಿಲವು ಅತಿ ತಾಪದಿಂದ ಪ್ಲಾಸ್ಮಾ ಸ್ಥಿತಿಯಲ್ಲಿದ್ದು, ಜಲಜನಕದ ಬೀಜಗಳು ಬೆಸೆದು ಹೀಲಿಯಮ್ ಆಗುವಾಗ ನ್ಯೂಟ್ರಿನೊಗಳು ಹೊರಡುತ್ತವೆ. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕಿ ಹಾದುಹೋಗುತ್ತಿದ್ದರೂ ನಮಗೆ ಅರಿವಿಲ್ಲ. ಗಣಿಯಲ್ಲಿ ಅರಸಿದ್ದು ಸೂರ್ಯನ ನ್ಯೂಟ್ರಿನೊಗಳನ್ನಲ್ಲ. ವಿಶ್ವಕಿರಣಗಳು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಹುಟ್ಟುವ, ಹೆಚ್ಚು ಶಕ್ತಿಯುಳ್ಳವನ್ನು.

ಟಾಟಾ ಸಂಸ್ಥೆಯವರು ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಹಾಗೂ ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರೊಡನೆ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರು ಕೆಳಗೆ, ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದರು. ಮೇಲಿನಿಂದ ಬರುವ ಕಿರಣಗಳು ನೆಟ್ಟಗೆ ಇಳಿಯಬೇಕು; ಅಡ್ಡಲಾಗಿ ಬರುವ ಕಣವಿದ್ದರೆ ಅದು ನ್ಯೂಟ್ರಿನೊ ಬಂಡೆಗೆ ತಾಗಿ ಹುಟ್ಟಿದ್ದೇ ಆಗಿರಬೇಕು. ಇದು ತರ್ಕ. ಗೋಡೆಗಳಲ್ಲಿ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳಿದ್ದವು. ಕಣ ಹಾದೊಡನೆ ಹೆಚ್ಚು ವೋಲ್ಟೇಜಿನ ವಿದ್ಯುತ್ತು ಹಾಯಿಸಿದರೆ, ಅದು ಹಾದ ಕೊಳವೆಗಳ ಅನಿಲ ಮಾತ್ರ ಕ್ಷಣಕಾಲ ಪ್ಲಾಸ್ಮಾ ಆಗಿ ಮಿನುಗುತ್ತಿತ್ತು. ಆ ಮಿನುಗನ್ನು ಛಾಯಾಚಿತ್ರ ತೆಗೆದು ಕಣದ ದಾರಿಯನ್ನು ಗುರುತಿಸುತ್ತಿದ್ದರು. ಪೇಟೆಯ ಅಂಗಡಿ ಫಲಕದ ಕೆಂಪು ದೀಪಕ್ಕೂ ಇದಕ್ಕೂ ಮೂಲ ತತ್ತ್ವ ಒಂದೇ.

1965ರಲ್ಲಿ ಅಂತಹ ಅಡ್ಡಗೆರೆಗಳು ಕಂಡವು, ಬೆರಳೆಣಿಕೆಯಷ್ಟು. ವಾಯುಮಂಡಲದ ನ್ಯೂಟ್ರಿನೊಗಳನ್ನು ಲೋಕ ಮೊದಲು ಕಂಡದ್ದು ಹೀಗೆ. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅವು ದೊರೆತವು. 1980ರಲ್ಲಿ ಇಲ್ಲಿಯೇ 140 ಟನ್ ತೂಕದ ಉಪಕರಣವನ್ನಿಟ್ಟು ಪ್ರೋಟಾನು ನಶಿಸುವುದೇ ಎಂದು ಪರೀಕ್ಷಿಸಿದರು. ಕೆಲವು ಸುಳಿವುಗಳು ದೊರೆತವೆಂದುಕೊಂಡರೂ ಬೇರೆಡೆಯ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ.

ಅಣುವಿಜ್ಞಾನವನ್ನು ಶರಣರು ಮೊದಲೇ ಹೇಳಿದ್ದರೆಂದು ಸಾಧಿಸುವ ಚಪಲ ನಮಗಿಲ್ಲ. ಆದರೆ ಕೈಕೆಲಸದವನನ್ನೂ ಪಂಡಿತನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಪರಂಪರೆಯವರಾದ ನಮಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಬಂಡೆಯೇ ಬಿಸಿಯೇರಿದ, ಯಾವಾಗ ಸಿಡಿಯುವುದೋ ತಿಳಿಯದ ಆಳಕ್ಕೆ ಆ ಭಾರವನ್ನೆಲ್ಲ ಇಳಿಸಲು ಗಣಿಯ ಕಾರ್ಮಿಕರಿಲ್ಲದೆ ಸಾಧ್ಯವಿರಲಿಲ್ಲ. ಸಂಶೋಧನಾ ಲೇಖನಗಳ ಶಿರೋಭಾಗದಲ್ಲಿ ಅವರ ಹೆಸರಿಲ್ಲ.

1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿ, ಸುರಂಗಗಳಲ್ಲಿ ನೀರು ಏರಿತು. ಅದೇ ವಾಯುಮಂಡಲದ ನ್ಯೂಟ್ರಿನೊಗಳಿಗೆ ದ್ರವ್ಯರಾಶಿಯುಂಟೆಂದು 1998ರಲ್ಲಿ ತೋರಿಸಿದ ಜಪಾನಿನ ಕಾಜಿಟಾ ಅವರು 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅವರ ಪ್ರಯೋಗವೂ ಗಣಿಯೊಂದರ ಆಳದಲ್ಲಿಯೇ ನಡೆದದ್ದು.

ಬೇತಮಂಗಲ, ಬಂಗಾರಪೇಟೆಗಳ ಮನೆಗಳಲ್ಲಿ ಚಾಂಪಿಯನ್ ರೀಫಿಗೆ ಇಳಿದ ಹಿರಿಯರು ಇನ್ನೂ ಇರಬಹುದು. ಆ ಗಾಜಿನ ಕೊಳವೆಗಳನ್ನು ಕಂಡವರಿದ್ದರೆ ತಮ್ಮ ನೆನಪುಗಳನ್ನು ಮಕ್ಕಳ ಕೈಯಲ್ಲಾದರೂ ಬರೆಸಿ ನಮಗೆ ಕಳುಹಿಸಬೇಕೆಂದು ಕೋರುತ್ತೇವೆ.