ಊರಿನ ಜಾಗದಡಿ ಗ್ಯಾಸ್ ಪೈಪು: ಜೆಸಿಬಿ ಕರೆಸುವ ಮುನ್ನ...

ಮುಂಬಯಿ: ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವ ಮುಂಬಯಿ ಕನ್ನಡಿಗರ ಕೆಲಸದ ಪಟ್ಟಿ ದೊಡ್ಡದು. ಮದುವೆ, ಗೃಹಪ್ರವೇಶ, ಕೋಲಗಳ ನಡುವೆ ಸಿಗುವ ಎಂಟು ಹತ್ತು ದಿನಗಳಲ್ಲೇ ಬಾವಿ ತೋಡಿಸಬೇಕು, ಮನೆಗೆ ಪಾಯ ಹಾಕಿಸಬೇಕು, ತೆಂಗಿನ ಸಸಿ ನೆಡಿಸಬೇಕು. ಜೆಸಿಬಿ ಬಂದು ನಿಂತ ಮೇಲೆ ಜಾಗದ ಬದಿಯ ಗುರುತುಕಂಬದಲ್ಲಿ ಏನು ಬರೆದಿದೆ ಎಂದು ಓದುವ ವ್ಯವಧಾನ ಯಾರಿಗಿದೆ?

ಕೊಚ್ಚಿಯಿಂದ ಮಂಗಳೂರಿಗೆ ಬರುವ ಸುಮಾರು 450 ಕಿ.ಮೀ. ಉದ್ದದ ನೈಸರ್ಗಿಕ ಅನಿಲ ಕೊಳವೆಮಾರ್ಗ 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಮಾರ್ಗ 2013ರಿಂದಲೇ ಬೆಳಗಾವಿ, ಧಾರವಾಡ ಕಡೆಯ ಹೊಲಗಳ ಅಡಿಯಲ್ಲಿದೆ. ಇಂಥ ಜಾಗಗಳ ಪಹಣಿಯಲ್ಲಿ ಮಾಲಕರ ಹೆಸರು ಹಾಗೆಯೇ ಇರುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆಯಂತೆ ಜಾಗದ ಒಡೆತನ ಮಾಲಕನಲ್ಲೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಪೈಪಿನವರಿಗೆ ಹೋಗುತ್ತದೆ. ಮೊದಲಿನಂತೆ ಬೇಸಾಯ ಮಾಡಬಹುದು. ಆದರೆ ಆ ಪಟ್ಟಿಯೊಳಗೆ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಪರಿಹಾರವೆಂದರೆ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ. 10, ಜತೆಗೆ ಬೆಳೆ, ಮರಗಳಿಗಾದ ನಷ್ಟ. ಜೀವನಪೂರ್ತಿಯ ನಿರ್ಬಂಧಕ್ಕೆ ಇದು ಕಡಿಮೆಯೆಂಬ ರೈತರ ಅಸಮಾಧಾನದಲ್ಲಿ ಹುರುಳಿದೆ. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಮಾರ್ಗಕ್ಕೇ ಆಕ್ಷೇಪವಿದ್ದರೆ ಅಧಿಸೂಚನೆಯಿಂದ 21 ದಿನಗಳೊಳಗೆ ಸಲ್ಲಿಸಬೇಕು. ನೋಟಿಸು ಊರಿನ ಮನೆಗೆ ಬಂದು, ಸುದ್ದಿ ಮುಂಬಯಿಗೆ ತಲಪುವಷ್ಟರಲ್ಲಿ ಈ ಗಡುವು ಮುಗಿದೇ ಹೋಗಿರುತ್ತದೆ!

ನಿರ್ಬಂಧ ಬರೇ ಕಾಗದದ್ದಲ್ಲ. ಆಂಧ್ರದ ಅಂದಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ಮುಂಜಾವ ಕೊಳವೆಯಿಂದ ಸೋರಿದ ಅನಿಲ ಹೊತ್ತಿಕೊಂಡು 20ಕ್ಕೂ ಅಧಿಕ ಮಂದಿ ಸುಟ್ಟು ಸತ್ತರು. ಮನೆಗಳೊಂದಿಗೆ ತೆಂಗಿನ ತೋಟಗಳೂ ಕರಕಲಾದವು. ಅಲ್ಲಿ ಯಾರೂ ಅಗೆದಿರಲಿಲ್ಲ, ಕೊಳವೆಯೇ ಕೆಟ್ಟಿತ್ತು. ಆದ್ದರಿಂದ ಅಗೆಯದೆ ಇದ್ದರೆ ಸಾಕು ಎನ್ನುವಂತೆಯೂ ಇಲ್ಲ, ಸೋರಿಕೆಯ ಲಕ್ಷಣ ತಿಳಿದಿರಬೇಕು.

ಮುಂಬಯಿಯ ಅಡುಗೆಮನೆಗೆ ಪೈಪಿನಲ್ಲಿ ಬರುವ ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ. ಆ ಕೆಟ್ಟ ವಾಸನೆ ಬೇಕೆಂದೇ ಬೆರೆಸಿದ್ದು. ದೂರದೂರಿಗೆ ಸಾಗುವ ದೊಡ್ಡ ಕೊಳವೆಯ ಗ್ಯಾಸಿಗೆ ಸಾಮಾನ್ಯವಾಗಿ ಇಂಥ ವಾಸನೆ ಇರುವುದಿಲ್ಲ. ಬುಸುಗುಟ್ಟುವ ಶಬ್ದ, ನೆಲದಿಂದ ಏಳುವ ಧೂಳು, ಗದ್ದೆಯ ನೀರಿನಲ್ಲಿ ಗುಳ್ಳೆ, ಮಳೆಗಾಲದಲ್ಲೂ ಒಂದೇ ಕಡೆ ಒಣಗಿದ ಹುಲ್ಲು, ಇವೇ ಸುಳಿವುಗಳು. ಆಗ ಪಂಪಿನ ಸ್ವಿಚ್ ಒತ್ತದೆ, ಬೈಕು ಸ್ಟಾರ್ಟ್ ಮಾಡದೆ, ಗಾಳಿ ಬರುವ ದಿಕ್ಕಿನತ್ತ ನಡೆದು ದೂರ ಹೋಗಬೇಕು. ಮೊಬೈಲ್ ತೆಗೆಯುವುದು ಅಲ್ಲಿಂದ ಆಚೆಗೆ. ಕರೆ ಮಾಡಬೇಕಾದ ಸಂಖ್ಯೆ ಅದೇ ಗುರುತುಕಂಬದ ಮೇಲಿರುತ್ತದೆ. ಊರಲ್ಲಿ ತೋಟ ನೋಡಿಕೊಳ್ಳುವವರ ಫೋನಿನಲ್ಲೂ ಅದು ಇರಲಿ.

ಅಗೆತಕ್ಕೆ ಮುನ್ನ ತಿಳಿಸಲು 2023ರಲ್ಲಿ ಕೇಂದ್ರ ಸರಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಆರಂಭಿಸಿದೆ. ಕೊಳವೆ ಎರಡು ಕಂಬಗಳ ನಡುವೆ ನೇರವಾಗಿಯೇ ಹೋಗಿದೆ ಎಂಬ ಅಂದಾಜಿನಲ್ಲಿ ಅಗೆಯುವುದು ಅಪಾಯ. ಪೈಪಿನವರೇ ಬಂದು ಗುರುತು ಹಾಕಿಕೊಡಲಿ.

ಅಣ್ಣತಮ್ಮಂದಿರ ಪಾಲುಪಟ್ಟಿಯ ಸಮಯದಲ್ಲೂ ಸರ್ವೆ ನಂಬರನ್ನು ಗೆಜೆಟ್ ಅಧಿಸೂಚನೆಯೊಂದಿಗೆ ತಾಳೆ ನೋಡುವುದು ಲೇಸು. ಕೊಳವೆ ಹಾದುಹೋದ ಪಾಲು ಮುಂಬಯಿಯಲ್ಲಿರುವ ತಮ್ಮನಿಗೆ ಬಂದರೆ, ನಿವೃತ್ತಿಯ ನಂತರ ಮನೆ ಕಟ್ಟಲು ಅದರಲ್ಲಿ ಎಷ್ಟು ಸೆಂಟ್ಸ್ ಉಳಿಯುತ್ತದೆ ಎಂಬುದು ಸಹಿ ಹಾಕುವ ಮೊದಲೇ ಅವನಿಗೆ ಗೊತ್ತಿರಬೇಕಲ್ಲವೇ?